ಹತ್ತು ತಟ್ಟೆಯ ಮನೆಯಲ್ಲಿ ಕೊನೆಯ ತಟ್ಟೆ

(ಕುಮಟಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ದೊಡ್ಡ ಸಂಸಾರಕ್ಕೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಊಟ ಹಾಕುವುದು ಹೇಗೆ ಎಂದು ಹೇಳಲು ನನ್ನನ್ನು ಕರೆದಿದ್ದೀರಿ. ಖರ್ಚಿನ ಮಾತಿಗೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಪ್ರಶ್ನೆ. ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಂಡವರು ಯಾರು? ಅವರ ತಟ್ಟೆಯಲ್ಲಿ ಏನಿತ್ತು?

ಮುಂದಿನ ಸಾಲಿನ ಅಕ್ಕನವರು "ಅನ್ನ, ಮೀನಿನ ಸಾರು" ಎಂದರು. ಸಾರಿನಲ್ಲಿ ಮೀನಿತ್ತೇ ಎಂದು ಕೇಳಿದೆ, ಅವರು ನಕ್ಕರು. ಸುತ್ತಲಿನವರೂ ನಕ್ಕರು. ಇದು ನಮ್ಮೆಲ್ಲರ ಮನೆಯ ಸಂಗತಿ. ಪಲ್ಯ ಮುಗಿದಿರುತ್ತದೆ, ಹೋಳು ಮುಗಿದಿರುತ್ತದೆ, ಅನ್ನ ಮಾತ್ರ ಬೇಕಾದಷ್ಟು ಉಳಿದಿರುತ್ತದೆ. ಹೊಟ್ಟೆ ತುಂಬುತ್ತದೆ, ಆದ್ದರಿಂದ ಯಾರಿಗೂ ಇದೊಂದು ಕೊರತೆ ಎಂದು ಅನಿಸುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವ ಪ್ರಕಾರ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು. ಮುಟ್ಟಾಗುವ ವಯಸ್ಸಿನ ಹೆಂಗಸಿಗೆ 29. ಒಂದೂವರೆ ಪಟ್ಟು! ಗಂಡಸಿಗಿಂತ ಕಡಿಮೆ ಉಣ್ಣುವ ಹೆಂಗಸಿಗೆ ಅವನಿಗಿಂತ ಹೆಚ್ಚು ಕಬ್ಬಿಣ ಬೇಕು, ಆದರೆ ಅದು ಇರುವ ಸೊಪ್ಪು, ಕಾಳು, ಮೀನು ಅವಳ ಸರದಿ ಬರುವಷ್ಟರಲ್ಲಿ ತಳ ಕಂಡಿರುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಹಿಮೋಗ್ಲೋಬಿನ್ ಕಡಿಮೆ ಎಂದು ಮಾತ್ರೆ ಬರೆಸಿಕೊಂಡು ಬಂದವರು ಈ ಸಭೆಯಲ್ಲೇ ಎಷ್ಟು ಜನ ಇದ್ದೀರೋ! ಆ ಮಾತ್ರೆಯನ್ನು ಬಿಡಬೇಡಿ. ಆದರೆ ಅಡುಗೆಮನೆಯಲ್ಲಿ ಆಗುವ ಸೋರಿಕೆಯನ್ನೂ ಸ್ವಲ್ಪ ನೋಡೋಣ.

ಇವತ್ತು ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ. ದೊಡ್ಡ ಮನೆಯಲ್ಲಿ ದುಡ್ಡು ಸಾಲದೆ ಇರುವುದು ಅನ್ನಕ್ಕಲ್ಲ, ಅನ್ನದ ಜೊತೆ ಬಡಿಸುವುದಕ್ಕೆ. ಆದ್ದರಿಂದ ಎಲ್ಲಿ ಉಳಿಸಿದರೂ ಆ ಉಳಿತಾಯ ಮೇಲೋಗರದ ಪಾತ್ರೆಗೆ ಹೋಗಬೇಕು. ಆ ಪಾತ್ರೆಯನ್ನು ಅಡುಗೆ ಮಾಡಿದವಳನ್ನೂ ಸೇರಿಸಿ ತಲೆ ಎಣಿಸಿ ಹಂಚಬೇಕು.

ಅಕ್ಕಿಯಿಂದಲೇ ಆರಂಭಿಸುತ್ತೇನೆ. ಹತ್ತು ಜನರ ಮನೆ ಎಂದುಕೊಳ್ಳಿ. ಅಜ್ಜ ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ನಾಲ್ಕು ಮಕ್ಕಳು. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಪಡಿತರ ಚೀಟಿ ಇರುವವರಿಗೆ ತಲೆಗೆ 5 ಕಿಲೋದಂತೆ ತಿಂಗಳಿಗೆ 50 ಕಿಲೋ ಧಾನ್ಯ ಸಿಗಬೇಕು. ರಾಜ್ಯ ಸರ್ಕಾರ ಮೇಲಿಂದ ಕೊಡುವುದು ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಹೆಚ್ಚು ಮೈದಣಿಯದ ಕೆಲಸ ಮಾಡುವವರಿಗೆ ದಿನಕ್ಕೆ 250 ಗ್ರಾಂ ಧಾನ್ಯ ಸಾಕು ಎಂದಿದೆ. ಹತ್ತು ಜನರಿಗೆ ತಿಂಗಳಿಗೆ 75 ಕಿಲೋ. ಅಂದರೆ ಮೂರರಲ್ಲಿ ಎರಡು ಪಾಲು ಆ 50 ಕಿಲೋದಲ್ಲೇ ಮುಗಿಯಿತು. ದೋಣಿಗೆ ಹೋಗುವವರಿಗೆ, ಗದ್ದೆಯಲ್ಲಿ ದುಡಿಯುವವರಿಗೆ ಇನ್ನೂ ಬೇಕು, ಅವರ ಅನ್ನವನ್ನು ನಾನು ಕಡಿಮೆ ಮಾಡಿಸುವುದಿಲ್ಲ.

ನಮ್ಮ ಕರಾವಳಿಯಲ್ಲಿ ಪಡಿತರದ ಬೆಳ್ತಿಗೆ ಅಕ್ಕಿ, ಅಂದರೆ ಬಿಳಿ ಅಕ್ಕಿ, ಗಂಜಿಗೆ ಒಗ್ಗುವುದಿಲ್ಲ ಎಂಬುದು ನನಗೂ ಗೊತ್ತು. ಹಾಗೆಂದು ಅದನ್ನು ಅಗ್ಗಕ್ಕೆ ಮಾರಿ ಕುಚಲಕ್ಕಿ ಕೊಳ್ಳುವುದು ಕಾನೂನಿಗೂ ವಿರುದ್ಧ, ಕೈಗೂ ನಷ್ಟ. ಬೆಳ್ತಿಗೆ ಅಕ್ಕಿಯನ್ನು ದೋಸೆ, ಕಡುಬು, ರೊಟ್ಟಿಗೆ ಇಡಿ. ಮಧ್ಯಾಹ್ನದ ಊಟಕ್ಕೂ ಆಗುತ್ತದೆ. ಗಂಜಿಗೆ ಮಾತ್ರ ಕುಚಲಕ್ಕಿ ಕೊಳ್ಳಿ. ಕುಚಲಕ್ಕಿಗೆ ಕೊಡುವ ದುಡ್ಡು ವ್ಯರ್ಥವಲ್ಲ. ಭತ್ತವನ್ನು ಸಿಪ್ಪೆಯೊಂದಿಗೇ ಬೇಯಿಸುವಾಗ ತವುಡಿನಲ್ಲಿರುವ ಬಿ1 ಜೀವಸತ್ವ ಕಾಳಿನ ಒಳಗೆ ಇಳಿಯುತ್ತದೆ, ಗಿರಣಿಯಲ್ಲಿ ಮಾಡಿಸಿದರೂ ಅಷ್ಟಾಗಿ ಹೋಗುವುದಿಲ್ಲ. ಅನ್ನ ಬಸಿಯುವ ಮನೆಯವರು ಬಸಿದ ಗಂಜಿಯನ್ನು ಚೆಲ್ಲಬೇಡಿ. ನೀರಿಗಿಳಿದ ಜೀವಸತ್ವವೆಲ್ಲ ಅದರಲ್ಲಿರುತ್ತದೆ. ಉಪ್ಪು, ಮಜ್ಜಿಗೆ ಹಾಕಿ ಕುಡಿಯಿರಿ, ಇಲ್ಲವೇ ಸಾರಿಗೆ ನೀರಿನ ಬದಲು ಅದನ್ನೇ ಹೊಯ್ಯಿರಿ.

ಪಡಿತರದ ಅಕ್ಕಿ ಆರಿಸುವಾಗ ಕೆಲವು ಕಾಳು ಸ್ವಲ್ಪ ಮಂಕಾಗಿ, ಬೇರೆ ಬಣ್ಣದಲ್ಲಿ ಕಾಣುತ್ತವೆ, ನೀರಿಗೆ ಹಾಕಿದರೆ ತೇಲುವುದೂ ಉಂಟು. "ಪ್ಲಾಸ್ಟಿಕ್ ಅಕ್ಕಿ ಬಂದಿದೆ" ಎಂದು ಮೊರದಿಂದ ಒಂದೊಂದೇ ಹೆಕ್ಕಿ ಎಸೆಯುವವರನ್ನು ನೋಡಿದ್ದೇನೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ಒತ್ತಿ, ಸುಮಾರು ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ನಮಗೆ ಯಾವುದು ಕಡಿಮೆ ಇದೆಯೋ ಅದನ್ನೇ ಹೆಕ್ಕಿ ಅಂಗಳಕ್ಕೆ ಎಸೆದಂತಾಗುತ್ತದೆ. ಆ ಕಾಳುಗಳನ್ನು ಇರಲು ಬಿಡಿ. ಅಕ್ಕಿಯನ್ನು ಮೂರು ನಾಲ್ಕು ನೀರಿನಲ್ಲಿ ಉಜ್ಜಿ ತೊಳೆಯುವುದೂ ಬೇಡ.

ಅಕ್ಕಿಯ ಮಾತು ಬಂದಾಗ ಅಘನಾಶಿನಿ ಹೊಳೆಯ ದಡದಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮಾಣಿಕಟ್ಟೆಯ ಕಡೆ ಬೆಳೆಯುವ ಕಗ್ಗ ಭತ್ತ ಉಪ್ಪುನೀರಿನಲ್ಲೂ ನಿಲ್ಲುತ್ತದೆ. ಗೊಬ್ಬರ ಬೇಡ, ಔಷಧ ಬೇಡ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಅನ್ನವನ್ನೂ ಮೇಲೋಗರವನ್ನೂ ಒಂದೇ ಗದ್ದೆ ಕೊಡುತ್ತಿತ್ತು! ಒಡ್ಡು ಒಡೆದು ಗಜನಿಗಳು ಬೀಳು ಬಿದ್ದಲ್ಲೆಲ್ಲ ಬಡವರ ಅಡುಗೆಮನೆಗೆ ಎರಡು ಕಡೆಯಿಂದ ಪೆಟ್ಟು ಬಿದ್ದಿದೆ. ಗಜನಿ ಇನ್ನೂ ಕೈಯಲ್ಲಿರುವವರು ದಯವಿಟ್ಟು ಬಿಡಬೇಡಿ.

ಈಗ ಕಾಳಿಗೆ ಬರೋಣ. ಹತ್ತು ಜನರ ಮನೆಗೆ ತಿಂಗಳಿಗೆ ಎಷ್ಟು ಬೇಳೆ ತರುತ್ತೀರಿ ಎಂದು ಕೇಳಿದರೆ ಸಾಮಾನ್ಯವಾಗಿ ಮೂರು ಕಿಲೋ, ನಾಲ್ಕು ಕಿಲೋ ಎನ್ನುತ್ತೀರಿ. ನಾಲ್ಕು ಕಿಲೋ ಎಂದರೆ ದಿನಕ್ಕೆ ಒಬ್ಬರ ಪಾಲಿಗೆ 13 ಗ್ರಾಂ. ಒಂದು ಚಮಚ. ಅದನ್ನು ಮೂರು ಹೊತ್ತಿಗೆ ಹಂಚಿ ಸಾರು ಎನ್ನುತ್ತೇವೆ. ಪೋಷಣಾ ಸಂಸ್ಥೆ ಹೇಳುವುದು ಬೇಳೆಕಾಳು, ಮೊಟ್ಟೆ, ಮೀನು ಎಲ್ಲ ಸೇರಿ 85 ಗ್ರಾಂ. ನಾಳೆಯಿಂದಲೇ ಅಲ್ಲಿಗೆ ಮುಟ್ಟಿ ಎಂದರೆ ನಿಮ್ಮ ಕಷ್ಟ ಗೊತ್ತಿಲ್ಲದವರ ಮಾತಾಗುತ್ತದೆ. ಆದರೆ 13ರಿಂದ 40ಕ್ಕೆ ಹೋಗಬಹುದು, ತೊಗರಿಯೊಂದನ್ನೇ ನೆಚ್ಚಿಕೊಳ್ಳದಿದ್ದರೆ.

ಹುರಳಿಯನ್ನು ನೋಡಿ. ತೊಗರಿಬೇಳೆಯಷ್ಟೇ ಪ್ರೋಟೀನು, ನೂರು ಗ್ರಾಮಿಗೆ ಸುಮಾರು 22 ಗ್ರಾಂ, ಬೆಲೆ ತೊಗರಿಗಿಂತ ಕಡಿಮೆ. ನಮ್ಮಲ್ಲಿ ಹುರಳಿಯನ್ನು ಬೇಯಿಸಿ ಕಟ್ಟು ತೆಗೆದು ಸಾರು ಮಾಡುತ್ತಾರೆ, ಬೆಂದ ಕಾಳನ್ನು ದನಕ್ಕೆ ಹಾಕುತ್ತಾರೆ. ಕಟ್ಟಿನ ಸಾರು ಬಹಳ ರುಚಿ, ನನಗೂ ಇಷ್ಟ. ಆದರೆ ಪ್ರೋಟೀನಿನ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿದು ಕೊಟ್ಟಿಗೆಗೆ ಹೋಯಿತು. ಕಾಳಿನ ಅರ್ಧವನ್ನು ರುಬ್ಬಿ ಸಾರಿಗೇ ಸೇರಿಸಿ, ಸಾರು ದಪ್ಪವಾಗುತ್ತದೆ. ಉಳಿದರ್ಧಕ್ಕೆ ಈರುಳ್ಳಿ, ಒಗ್ಗರಣೆ, ಒಂದು ಹಿಡಿ ಕಾಯಿತುರಿ ಹಾಕಿದರೆ ಪಲ್ಯ. ರಾತ್ರಿ ನೆನೆಸಿ, ಮರುದಿನ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ, ಅದರ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಹೆಸರು, ಅಲಸಂದೆಗೂ ಇದೇ ಮಾತು. ದೋಸೆಗೆ ನೆನೆಸುವಾಗ ಉದ್ದಿನ ಜೊತೆ ಒಂದು ಲೋಟ ಹೆಸರುಕಾಳು ಹಾಕಿ. ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ತೆಂಗಿನಕಾಯಿ ದುಬಾರಿಯಾಗಿದೆ ಎಂದು ಹಿಂದಿನಿಂದ ಒಬ್ಬರು ಹೇಳಿದರು. ಕಾಯಿ ಕಡಿಮೆಯಾದರೆ ಸಾರು ತೆಳ್ಳಗಾಗುತ್ತದೆ, ಅದೇ ತೊಂದರೆ. ಹುರಿದ ಹುರಳಿ, ಬೇಯಿಸಿದ ಹಲಸಿನ ಬೀಜ, ಒಂದು ಚಮಚ ನೆನೆದ ಅಕ್ಕಿ, ಇವುಗಳಲ್ಲಿ ಒಂದನ್ನು ಅರ್ಧ ಕಾಯಿಯ ಜೊತೆ ರುಬ್ಬಿ. ಸಾರಿನ ಮೈ ಕೆಡುವುದಿಲ್ಲ. ಹಲಸಿನ ಬೀಜವಂತೂ ಮೇ ತಿಂಗಳಲ್ಲಿ ಅಂಗಳದಲ್ಲಿ ಬಿದ್ದಿರುತ್ತದೆ. ನಮ್ಮ ಹಿರಿಯರು ಮಣ್ಣು ಮೆತ್ತಿ ಇಟ್ಟು ಮಳೆಗಾಲದವರೆಗೂ ಉಳಿಸಿಕೊಳ್ಳುತ್ತಿದ್ದರು.

ಮೀನು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಕಾರವಾರದಿಂದ ಭಟ್ಕಳದವರೆಗೆ ನಮ್ಮ ದೊಡ್ಡ ಆಸ್ತಿ ಇದೇ. ಅಂಜಲ್ ಎಂದೂ ಕರೆಯುವ ಇಶ್ವಾಣ, ಪಾಂಪ್ಲೆಟ್ ತಂದರಷ್ಟೇ ಮೀನು ತಂದಂತೆ ಎಂಬ ಭಾವನೆ ಇದೆ, ನೆಂಟರು ಬಂದಾಗ ಇನ್ನೂ ಹೆಚ್ಚು. ಪೌಷ್ಟಿಕತೆ ಬೆಲೆಯನ್ನು ಹಿಂಬಾಲಿಸುವುದಿಲ್ಲ. ಬೂತಾಯಿ ಎಂದೂ ಕರೆಯುವ ತಾರಲೆಯಲ್ಲಿ, ಬಂಗಡೆಯಲ್ಲಿ ಹೃದಯಕ್ಕೂ ಮಕ್ಕಳ ಮಿದುಳಿಗೂ ಬೇಕಾದ ಒಮೇಗಾ-3 ಕೊಬ್ಬು ಹೇರಳವಾಗಿದೆ. ಸಣ್ಣ ತಾರಲೆಯನ್ನು ಹುಳಿ ಹಾಕಿ ಮಂದ ಉರಿಯಲ್ಲಿ ಚೆನ್ನಾಗಿ ಬೇಯಿಸಿದರೆ ಮುಳ್ಳು ಮೆತ್ತಗಾಗಿ ಅಗಿದು ತಿನ್ನಬಹುದು, ಸುಣ್ಣದ ಅಂಶವೂ ಸಿಕ್ಕಿತು. ಹಂಗಾಮಿನಲ್ಲಿ ಒಂದು ಕಿಲೋ ಇಶ್ವಾಣದ ದುಡ್ಡಿಗೆ ಹಲವು ಕಿಲೋ ತಾರಲೆ ಬರುತ್ತದೆ.

ಸಂಜೆ ಪೇಟೆಯಲ್ಲಿ ಬೆಲೆ ಇಳಿಯುತ್ತದೆ ಎಂದು ಕಾದು ಕೊಳ್ಳುವವರು ಒಂದು ಎಚ್ಚರ ವಹಿಸಬೇಕು. ಬಂಗಡೆ, ತಾರಲೆಯಂಥ ಮೀನು ಐಸಿಲ್ಲದೆ ಬಿಸಿಲಲ್ಲಿ ಕುಳಿತರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟಿಕೊಳ್ಳುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮೈಯೆಲ್ಲ ಕೆಂಪಾಗಿ ತುರಿಸುವುದು, ತಲೆನೋವು, ವಾಂತಿ ಅದರಿಂದಲೇ. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಉಬ್ಬಿರಬೇಕು. ಬೆರಳಿನಿಂದ ಒತ್ತಿದರೆ ಗುಳಿ ಉಳಿಯಬಾರದು. ಐಸಿನಲ್ಲಿಟ್ಟ ಮೀನಾಗಿದ್ದು ಇಷ್ಟೂ ಸರಿಯಿದ್ದರೆ ಸಂಜೆಯ ಮೀನು ನಿಜಕ್ಕೂ ಲಾಭ.

ಹೊಳೆಯ ಚಿಪ್ಪುಮೀನು ಬಳಚನ್ನು ಮರೆಯಬೇಡಿ. ತದಡಿ, ಗೋಕರ್ಣ, ಮಿರ್ಜಾನ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಕಬ್ಬಿಣ, ಬಿ12 ಎರಡೂ ಅದರಲ್ಲಿ ತುಂಬಿವೆ. ತಂದ ಬಳಚನ್ನು ಕೆಲವು ಗಂಟೆ ಉಪ್ಪುನೀರಿನಲ್ಲಿಟ್ಟರೆ ಮರಳು ಬಿಡುತ್ತದೆ. ಪಾತ್ರೆಯ ತಳಕ್ಕೆ ಸ್ವಲ್ಪವೇ ನೀರು ಹಾಕಿ ಮುಚ್ಚಿ ಕುದಿಸಿದರೆ ಚಿಪ್ಪು ಬಾಯಿ ಬಿಡುತ್ತವೆ. ಬಾಯಿ ಬಿಡದೆ ಉಳಿದವನ್ನು ಎಸೆದುಬಿಡಿ. ಕೆಳಗೆ ಉಳಿದ ನೀರನ್ನು ತಿಳಿ ಮಾಡಿ ಸಾರಿಗೆ ಹಾಕಿ, ರುಚಿಯೆಲ್ಲ ಅದರಲ್ಲೇ ಇದೆ. ಒಂದು ಬುಟ್ಟಿ ಬಳಚಿಗೆ ಹತ್ತು ಜನ ಉಣ್ಣಬಹುದು, ನುಗ್ಗೆಕಾಯಿಯನ್ನೋ ಹಲಸಿನ ಬೀಜವನ್ನೋ ಸೇರಿಸಿದರೆ ಇನ್ನೂ ಇಬ್ಬರು. ಸಣ್ಣ ಬಳಚು ಕೈಗೆ ಬಂದರೆ ನೀರಿಗೇ ಬಿಡಿ. ಹೊಳೆಯಲ್ಲಿ ಅದು ಕಡಿಮೆಯಾಗುತ್ತಿರುವುದನ್ನು ನೀವೇ ಕಂಡಿದ್ದೀರಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೀನಿನ ಬೆಲೆ ಏರುತ್ತದೆ, ಕೂಲಿ ಇಳಿಯುತ್ತದೆ. ದೊಡ್ಡ ಸಂಸಾರಕ್ಕೆ ವರ್ಷದಲ್ಲಿ ಇದೇ ಅತಿ ಕಷ್ಟದ ಕಾಲ. ಘಟ್ಟದ ಮೇಲಿನವರು ಮೇ ತಿಂಗಳಲ್ಲಿ ಇಳಿದು ಬಂದು ಒಣಮೀನು ಕೊಂಡು ಹೋಗುತ್ತಾರೆ, ನಾವು ಇಲ್ಲೇ ಇದ್ದು ಜುಲೈಯಲ್ಲಿ ದುಬಾರಿ ಬೆಲೆ ಕೊಡುತ್ತೇವೆ. ಸಂಘದ ಹತ್ತು ಮನೆಯವರು ಕೂಡಿ ಮೇ ತಿಂಗಳಲ್ಲೇ ಒಣ ಸಿಗಡಿ, ಒಣ ಬಂಗಡೆ, ಹುರಳಿ, ಸಾರಿನ ಹುಳಿಗೆ ಮುರುಗಲು (ಕೋಕಂ) ಸಿಪ್ಪೆ, ಕುಮಟಾದ ಈರುಳ್ಳಿ ಗೊಂಚಲು ಒಟ್ಟಿಗೆ ಕೊಂಡು ಹಂಚಿಕೊಳ್ಳಿ. ಸಂಘದಲ್ಲಿ ಸಾಲ ಎತ್ತುವುದಾದರೆ ಇಂಥದ್ದಕ್ಕೆ ಎತ್ತಿ. ಅಷ್ಟೂ ಮಳೆಗಾಲದ ತಟ್ಟೆಗೇ ಬರುತ್ತದೆ. ಒಣಮೀನನ್ನು ಬಿಸಿನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ಸಾರಿಗೆ ಬೇರೆ ಉಪ್ಪು ಹಾಕದೆ ರುಚಿ ನೋಡಿ. ರಕ್ತದೊತ್ತಡ ಇರುವ ಅಜ್ಜ ಅಜ್ಜಿಗೆ ಅದೂ ಮಿತವಾಗಿರಲಿ.

ಮೀನು ತಿನ್ನದ ಮನೆಯವರು, ಶಿರಸಿ ಸಿದ್ದಾಪುರದಿಂದ ಇಲ್ಲಿಗೆ ಸೊಸೆಯಾಗಿ ಬಂದವರು, ನಮ್ಮ ಪಾಲಿಗೆ ಏನು ಎಂದು ಕೇಳುತ್ತೀರಿ. ನಿಮ್ಮ ತವರಿನ ತಂಬುಳಿಯನ್ನು ಕರಾವಳಿಯವರೂ ಕಲಿಯಬೇಕು ಎಂಬುದು ನನ್ನ ಆಸೆ. ಗದ್ದೆಯ ಅಂಚಿನ ಒಂದೆಲಗ ಒಂದು ಮುಷ್ಟಿ. ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ತುಪ್ಪದ ಹನಿಯಲ್ಲಿ ಹುರಿದದ್ದು. ಸ್ವಲ್ಪ ಕಾಯಿತುರಿ. ಇವನ್ನು ನುಣ್ಣಗೆ ರುಬ್ಬಿ ಒಂದು ಲೀಟರ್ ಮಜ್ಜಿಗೆಗೆ ಬೆರೆಸಿದರೆ ಹತ್ತು ಜನರಿಗೆ ಆಯಿತು. ಕುದಿಸುವುದು ಬೇಡ, ಎಣ್ಣೆ ಬೇಡ. ದೊಡ್ಡಪತ್ರೆ, ಚಕ್ರಮುನಿ, ಎಳೆ ನೆಲ್ಲಿಚಿಗುರು, ದಾಸವಾಳದ ಎಲೆ, ಹಿತ್ತಿಲಲ್ಲಿ ಸಿಕ್ಕಿದ್ದಕ್ಕೆಲ್ಲ ಇದೇ ವಿಧಾನ. ಚಕ್ರಮುನಿಯ ತುಂಡೊಂದನ್ನು ಬಚ್ಚಲ ನೀರು ಹರಿಯುವ ಕಡೆ ಊರಿದರೆ ಮತ್ತೆ ಕೇಳುವವರೇ ಇಲ್ಲ. ಬಸಳೆ ಚಪ್ಪರ, ಹರಿವೆ ಮಡಿ, ಒಂದು ನುಗ್ಗೆ ಗಿಡ ಇದ್ದರೆ ವಾರದಲ್ಲಿ ನಾಲ್ಕು ದಿನದ ತರಕಾರಿ ಸಂತೆಯಿಂದ ತರಬೇಕಾಗಿಲ್ಲ. ಬಾಳೆ ಕಡಿದ ದಿನ ದಿಂಡು, ಹೂವು ಎರಡೂ ಅಡುಗೆಗೆ. ಕೆಸುವಿನ ಎಲೆಗೆ ಹುಳಿ ಚೆನ್ನಾಗಿ ಹಾಕಿ ಪೂರ್ತಿ ಬೇಯಿಸಿ, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸದೆ ತಿನ್ನಬಾರದು, ಅದರಲ್ಲಿ ವಿಷದ ಅಂಶವಿದೆ. ಹೆಸರು ಗೊತ್ತಿಲ್ಲದ ಕಾಡು ಅಣಬೆಯನ್ನು ಯಾರು ಕೊಟ್ಟರೂ ಬೇಡ.

ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಮೈಗೆ ಹತ್ತಬೇಕಾದರೆ ಜೊತೆಗೆ ಸಿ ಜೀವಸತ್ವ ಬೇಕು. ಒಂದು ಹೋಳು ಲಿಂಬೆ, ಒಂದು ನೆಲ್ಲಿಕಾಯಿ, ಮಾವಿನ ಕಾಯಿಯ ಚೂರು ಸಾಕು. ಅದನ್ನು ತಡೆಯುವುದು ಚಹಾ. ಉಂಡ ಕೈ ತೊಳೆದ ಕೂಡಲೇ ಚಹಾ ಕುಡಿಯುವ ಅಭ್ಯಾಸ ನಮ್ಮ ಹೆಂಗಸರಲ್ಲಿ ಬಹಳ ಇದೆ, ಕೆಲಸ ಮುಗಿದ ಮೇಲೆ ಸಿಗುವ ಒಂದೇ ನೆಮ್ಮದಿ ಅದು. ಬಿಡಿ ಎನ್ನುವುದಿಲ್ಲ. ಒಂದು ಗಂಟೆ ತಡೆದು ಕುಡಿಯಿರಿ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಎಂದು ಕೇಳಬೇಕಾದದ್ದೇ. ನಾಲ್ಕು ಮಕ್ಕಳಿಗೆ ದಿನಕ್ಕೆ ಎರಡೆರಡು ಐದು ರೂಪಾಯಿಯ ಪೊಟ್ಟಣ, ಬಿಸ್ಕತ್ತು ಅಥವಾ ಕುರುಕಲು. ದಿನಕ್ಕೆ 40, ತಿಂಗಳಿಗೆ 1200 ರೂಪಾಯಿ. ಮೊಟ್ಟೆಗೆ ಏಳು ರೂಪಾಯಿ ಹಿಡಿದರೂ ನಾಲ್ಕು ಮಕ್ಕಳಿಗೆ ದಿನಕ್ಕೊಂದರಂತೆ ತಿಂಗಳಿಗೆ 840. ಉಳಿದ 360 ರೂಪಾಯಿಗೆ ಶೇಂಗಾ ಬರುತ್ತದೆ. ಮೊಟ್ಟೆ ತಿನ್ನದವರು ಅಷ್ಟನ್ನೂ ಶೇಂಗಾ, ಬೆಲ್ಲ, ಹಾಲಿಗೆ ಹಾಕಿ. ಮಕ್ಕಳು ಹಟ ಮಾಡುತ್ತಾರೆ, ಗೊತ್ತು. ವಾರಕ್ಕೊಂದು ದಿನ ಪೊಟ್ಟಣ ಕೊಡಿಸಿ, ಉಳಿದ ದಿನ ಹುರಿದ ಶೇಂಗಾ ಡಬ್ಬಿ ಅವರ ಕೈಗೆ ಸಿಗುವಲ್ಲಿ ಇಡಿ. ಸರ್ಕಾರಿ ಶಾಲೆಯ ಬಿಸಿಯೂಟವನ್ನು ಬಡವರ ಊಟ ಎಂದು ಬಿಡಿಸಬೇಡಿ. ಮನೆಯಲ್ಲಿ ಗರ್ಭಿಣಿ, ಬಾಣಂತಿ ಇದ್ದರೆ ಅಂಗನವಾಡಿಯಲ್ಲಿ ಹೆಸರು ಬರೆಸಿ. ಅದು ಅವರ ಹಕ್ಕು, ಹಿಂಜರಿಕೆ ಬೇಡ.

ಹಂಚುವ ಕೆಲಸ ಹೀಗೆ ಮಾಡಿ. ಒಲೆಯಿಂದ ಇಳಿಸಿದ ಕೂಡಲೇ, ಯಾರೂ ಕೂರುವ ಮೊದಲು, ಪಲ್ಯವನ್ನೂ ಮೀನಿನ ಹೋಳನ್ನೂ ಕಾಳನ್ನೂ ಎಣಿಸಿ ಅಡುಗೆ ಮಾಡಿದವರ ಪಾಲು ಎತ್ತಿಡಿ. ಮುಚ್ಚಳ ಹಾಕಿಡಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಹತ್ತು ಬಂಗಡೆ ತಂದರೆ ಹತ್ತು ತಟ್ಟೆಗೆ. ಎಂಟೇ ಬಂದರೆ ತುಂಡು ಮಾಡಿ ಹಂಚಿ. ದುಡಿದು ಬಂದವರಿಗೆ ಎರಡು, ಉಳಿದವರಿಗೆ ಸಾರು ಎಂಬ ಲೆಕ್ಕ ನಿಲ್ಲಲಿ. ಬೆಳಿಗ್ಗೆ ಐದಕ್ಕೆ ಎದ್ದು ನೀರು ಸೇದಿ, ಅಡುಗೆ ಮಾಡಿ, ಕೂಲಿಗೂ ಹೋಗುವವಳು ದುಡಿಯುವವಳಲ್ಲವೇ? ಅತ್ತೆಯಂದಿರಿಗೆ ನನ್ನ ವಿಶೇಷ ವಿನಂತಿ. ಸೊಸೆ ತಾನಾಗಿ ಎತ್ತಿಟ್ಟುಕೊಳ್ಳಲು ನಾಚುತ್ತಾಳೆ, ನೀವು ಎತ್ತಿಟ್ಟರೆ ಅದು ಮನೆಯ ಪದ್ಧತಿಯಾಗುತ್ತದೆ. ನಿಮ್ಮ ಪಾಲನ್ನೂ ಮೊಮ್ಮಕ್ಕಳ ತಟ್ಟೆಗೆ ದಾಟಿಸಿ ಗಂಜಿ ಉಪ್ಪಿನಕಾಯಿಯಲ್ಲಿ ಮುಗಿಸಬೇಡಿ. ಹಲ್ಲಿಲ್ಲದಿದ್ದರೆ ಹೆಸರುಬೇಳೆ ಮೆತ್ತಗೆ ಬೇಯಿಸಿ ಗಂಜಿಗೇ ಕಲಸಿಕೊಳ್ಳಿ.

ಏಳು ತಿಂಗಳ ಕೂಸಿಗೆ ಏನು ಕೊಡಬೇಕು, ಪೇಟೆಯ ಡಬ್ಬಿ ಪುಡಿ ತರಬೇಕೇ ಎಂದು ಒಬ್ಬ ತಂಗಿ ಚೀಟಿ ಕಳಿಸಿದ್ದಾಳೆ. ಬೇಡ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ಆಮೇಲೆ ಎದೆಹಾಲಿನ ಜೊತೆ ಮನೆಯದೇ ಊಟ. ಖಾರ, ಉಪ್ಪು ಹಾಕುವ ಮೊದಲು ಬೆಂದ ಬೇಳೆ, ಸೊಪ್ಪು ಸ್ವಲ್ಪ ಎತ್ತಿಡು. ಅನ್ನದ ಜೊತೆ ಹಿಸುಕಿ ಒಂದು ಚಮಚ ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ಕಲಸು. ಮೀನು ತಿನ್ನುವ ಮನೆಯಾದರೆ ಮುಳ್ಳು ಬಿಡಿಸಿ ಒಂದು ಚೂರು ಬೆಂದ ಮೀನು ಸೇರಿಸು. ಗಂಜಿ ತಿಳಿ ಕುಡಿಸಿ ಹೊಟ್ಟೆ ತುಂಬಿತು ಎಂದುಕೊಳ್ಳಬೇಡ, ಅಷ್ಟು ಚಿಕ್ಕ ಹೊಟ್ಟೆಗೆ ನೀರು ಹೋದರೆ ಊಟಕ್ಕೆ ಜಾಗವಿರುವುದಿಲ್ಲ. ಚಮಚ ಓರೆ ಮಾಡಿದರೂ ಕೆಳಗೆ ಹರಿಯದಷ್ಟು ಗಟ್ಟಿ ಇರಲಿ.